ಒಡ್ಡು ಕಟ್ಟಿದರೆ ಮುಗಿಯಿತೇ? ಇಂಗಿದ ನೀರಿಗೂ ಲೆಕ್ಕ ಬೇಕು

ಬೇಸಗೆ ಬಂತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಿಗೆ ಊರಿನಿಂದ ಮನವಿ ಪತ್ರಗಳು ಬರತೊಡಗುತ್ತವೆ. ದೇವಸ್ಥಾನದ ಜೀರ್ಣೋದ್ಧಾರ, ಶಾಲೆಗೊಂದು ಕೊಠಡಿ, ಬಡ ಮಕ್ಕಳಿಗೆ ಪುಸ್ತಕ, ಇವೆಲ್ಲ ಹಳೆಯ ಬೇಡಿಕೆಗಳು. ಈಗ ಇವುಗಳ ಸಾಲಿಗೆ ನೀರೂ ಸೇರಿದೆ. ಊರಿಗೊಂದು ಕೊಳವೆಬಾವಿ ಕೊರೆಸಿಕೊಡಿ, ಟ್ಯಾಂಕರಿಗೆ ನೆರವಾಗಿ, ಕೆರೆಯ ಹೂಳೆತ್ತಿಸಿ, ಗುಡ್ಡಕ್ಕೆ ಇಂಗುಗುಂಡಿ ತೋಡಿಸಿ ಎಂದು ಕೇಳುತ್ತಾರೆ. ದಾನಿಗಳಿಗೆ ಮನಸ್ಸಿದೆ, ಕಾರ್ಯಕಾರಿ ಸಮಿತಿಗೂ ಉತ್ಸಾಹವಿದೆ. ಆದರೆ ಕೊಟ್ಟ ಹಣದಿಂದ ಊರಿಗೆ ನೀರು ಬಂತೇ ಎಂಬ ಪ್ರಶ್ನೆ ಮುಂದಿನ ವರ್ಷದ ಮಹಾಸಭೆಯಲ್ಲಿ ಕೇಳಿಬರುವುದು ಕಡಿಮೆ. ಫಲಕ ಹಾಕಿದ ಚಿತ್ರ ಪತ್ರಿಕೆಯಲ್ಲಿ ಬಂದರೆ ಕೆಲಸ ಮುಗಿದಂತೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಾವಿರುವ ಮಹಾರಾಷ್ಟ್ರ ರಾಜ್ಯವೇ ಕಳೆದ ಐವತ್ತು ವರ್ಷಗಳಿಂದ ಮಣ್ಣಿನ ಒಡ್ಡು, ಕಂದಕ, ಇಂಗುಕೆರೆಗಳ ದೊಡ್ಡ ಪ್ರಯೋಗಶಾಲೆ. ಇಲ್ಲಿ ಗೆದ್ದ ಹಳ್ಳಿಗಳೂ ಇವೆ, ಸಾವಿರಾರು ಕೋಟಿ ಸುರಿದೂ ಸೋತ ಯೋಜನೆಯೂ ಇದೆ. ಗೆದ್ದವರು ಏಕೆ ಗೆದ್ದರು, ಸೋತವರು ಏಕೆ ಸೋತರು ಎಂಬುದು ತವರೂರಿಗೆ ಹಣ ಕಳುಹಿಸುವ ನಮಗೆ ಗೊತ್ತಿರಬೇಕಾದ ವಿಷಯ.

ಗಡಿಯ ಜಗಳದ ಹಿಂದಿರುವ ಬಾಯಾರಿಕೆ

2022ರ ನವೆಂಬರಿನಲ್ಲಿ ಗಡಿ ವಿವಾದ ಮತ್ತೆ ಭುಗಿಲೆದ್ದದ್ದು ಓದುಗರಿಗೆ ನೆನಪಿರಬಹುದು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು ಎಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ಎರಡೂ ಕಡೆ ಬಿಸಿ ಏರಿತು. ಬಸ್ಸುಗಳಿಗೆ ಮಸಿ ಬಳಿದರು, ವಿಧಾನಮಂಡಲಗಳಲ್ಲಿ ನಿರ್ಣಯ ಮಂಡಿಸಿದರು. ಆದರೆ ಜತ್ತದ ಪೂರ್ವ ಭಾಗದ ಕನ್ನಡ ಹಳ್ಳಿಗಳ ಮೂಲ ಕೂಗು ಭಾಷೆಗಿಂತ ಹೆಚ್ಚಾಗಿ ನೀರಿನದ್ದು. ಅದನ್ನು ಅರಿತೇ ಮಹಾರಾಷ್ಟ್ರ ಸರಕಾರ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಅವಸರದಿಂದ ಮುಂದಾಯಿತು.

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಿಯಾಚೆ ಇಂಡಿ, ಸಿಂದಗಿ, ಆಳಂದ, ಅಫಜಲಪುರ, ಇವೆಲ್ಲ ಒಂದೇ ಬಗೆಯ ನೆಲ. ಮಳೆ ಕಡಿಮೆ, ಬಂದರೆ ಒಮ್ಮೆಲೇ ಬರುತ್ತದೆ, ಬಂದದ್ದು ನಿಲ್ಲುವುದಿಲ್ಲ. ಮುಂಬಯಿ, ಪುಣೆಯ ಕಟ್ಟಡ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊರುವ ನಮ್ಮವರಲ್ಲಿ ಬಹಳಷ್ಟು ಮಂದಿ ಈ ನೆಲದಿಂದಲೇ ಗುಳೆ ಬಂದವರು. ಹೋಟೆಲಿನಲ್ಲಿ ದುಡಿದು ಮೇಲೆ ಬಂದ ಕರಾವಳಿಯವರ ಕಥೆಯನ್ನು ನಾವು ಬೇಕಾದಷ್ಟು ಬರೆದಿದ್ದೇವೆ. ಬರದಿಂದ ಓಡಿ ಬಂದವರ ಕಥೆಯನ್ನು ಅಷ್ಟು ಬರೆದಿಲ್ಲ.

ಕರ್ನಾಟಕದಲ್ಲೇ 2023ರಲ್ಲಿ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಮರು ವರ್ಷ ಮಳೆ ಚೆನ್ನಾಗಿ ಬಂದಾಗ ಎಲ್ಲರೂ ಬರವನ್ನು ಮರೆತರು. ಬರದ ವರ್ಷ ನೀರಿಗಾಗಿ ಓಡಾಟ, ಮಳೆಯ ವರ್ಷ ಮರೆವು ಎಂಬ ಈ ಚಕ್ರ ಹೊಸದಲ್ಲ.

ಒಂದು ಎಕರೆಯ ಲೆಕ್ಕ

ಒಣಭೂಮಿಯಲ್ಲಿ ನೀರೇ ಇಲ್ಲ ಎನ್ನುವುದು ಅರ್ಧ ಸತ್ಯ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಒಂದು ಎಕರೆ ಹೊಲದ ಮೇಲೆ 20 ಲಕ್ಷ ಲೀಟರ್ ನೀರು ಸುರಿಯುತ್ತದೆ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಸಾಗಿಸಿದ್ದನ್ನು ದೇಶವೇ ನೋಡಿತು. ಆ ಮೊದಲ ರೈಲಿನ ಹತ್ತು ವ್ಯಾಗನುಗಳಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರ್. ಅಂದರೆ ಅಂಥ ನಾಲ್ಕು ರೈಲಿನಷ್ಟು ನೀರು ಪ್ರತಿಯೊಂದು ಎಕರೆಯ ಮೇಲೂ ವರ್ಷಂಪ್ರತಿ ಆಕಾಶದಿಂದ ಇಳಿಯುತ್ತದೆ.

ಇದೆಲ್ಲವನ್ನೂ ಹಿಡಿಯಲು ಸಾಧ್ಯವಿಲ್ಲ, ಹಿಡಿಯಲೂಬಾರದು. ಹೆಚ್ಚಿನ ಪಾಲು ಮಣ್ಣನ್ನು ತೋಯಿಸಿ, ಪೈರಿಗೆ ಉಣಿಸಿ, ಬಿಸಿಲಿಗೆ ಆವಿಯಾಗುತ್ತದೆ. ಕೆಳಗಿನ ಊರಿನವರಿಗೂ ಅವರ ಪಾಲು ಹೋಗಬೇಕು. ನಮಗೆ ಬೇಕಾದದ್ದು ವರ್ಷದಲ್ಲಿ ನಾಲ್ಕಾರು ಸಲ ಬರುವ ಜಡಿಮಳೆಯಲ್ಲಿ ಹೊಲದ ಮೇಲ್ಮಣ್ಣನ್ನೂ ಕಿತ್ತುಕೊಂಡು ಹಳ್ಳಕ್ಕೆ ಧಾವಿಸುವ ನೀರು. ಅದನ್ನು ನಿಧಾನಗೊಳಿಸಿ, ಇಂಗಲು ಪುರುಸೊತ್ತು ಕೊಡುವುದೇ ಈ ಮಣ್ಣಿನ ಕೆಲಸಗಳ ಗುರಿ. ‘ಪಾಣಿ ಅಡವಾ, ಪಾಣಿ ಜಿರವಾ’ ಎಂದು ಮರಾಠಿಯಲ್ಲಿ ದಶಕಗಳಿಂದ ಗೋಡೆಗಳ ಮೇಲೆ ಬರೆದಿರುವುದೂ ಇದನ್ನೇ. ನೀರನ್ನು ತಡೆಯಿರಿ, ನೀರನ್ನು ಇಂಗಿಸಿರಿ.

ಗುಡ್ಡದ ತಲೆಯಿಂದ ಹಳ್ಳದ ಬುಡಕ್ಕೆ

ಈ ಕೆಲಸಕ್ಕೆ ಒಂದು ಕ್ರಮವಿದೆ. ಆರಂಭ ಗುಡ್ಡದ ನೆತ್ತಿಯಿಂದ. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಗುವಂತೆ ಕಂದಕಗಳನ್ನು ತೋಡುತ್ತಾರೆ. ಇವು ಸಮಪಾತಳಿ ಕಂದಕಗಳು. ಮಟ್ಟ ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು, ಇಲ್ಲವೇ ಮೂರು ಕೋಲು ಕಟ್ಟಿ ನಡುವೆ ತೂಗುಗುಂಡು ಬಿಟ್ಟ ಚೌಕಟ್ಟು ಸಾಕು. ತೋಡಿದ ಮಣ್ಣನ್ನು ಕಂದಕದ ಕೆಳಬದಿಗೆ ಒಡ್ಡಾಗಿ ಹಾಕಿ, ಅದರ ಮೇಲೆ ಹುಲ್ಲು ಬೆಳೆಸಿ, ಗಿಡ ನೆಡುತ್ತಾರೆ. ಮಟ್ಟ ತಪ್ಪಿದರೆ ನೀರು ಒಂದು ಮೂಲೆಗೆ ಓಡಿ, ಒಡ್ಡು ಒಡೆದು, ಮೊದಲಿಗಿಂತ ದೊಡ್ಡ ಕೊರಕಲು ಬೀಳುತ್ತದೆ.

ಅದರ ಕೆಳಗೆ ಹೊಲಗಳಲ್ಲಿ ಬದು. ಪ್ರತಿ ಬದುವಿಗೂ ಹೆಚ್ಚುವರಿ ನೀರು ಹೊರಹೋಗಲು ಕಲ್ಲು ಕಟ್ಟಿದ ಕೋಡಿ ಇರಬೇಕು. ಸಣ್ಣ ಕೊರಕಲುಗಳಿಗೆ ಸಡಿಲ ಕಲ್ಲಿನ ತಡೆ, ಹಳ್ಳಕ್ಕೆ ಮಣ್ಣಿನ ಒಡ್ಡು, ಕೊನೆಗೆ ತಗ್ಗಿನಲ್ಲಿ ಇಂಗುಕೆರೆ. ಮೇಲಿನ ಕೆಲಸ ಆಗದೆ ಕೆಳಗೆ ಕೆರೆಯೊಂದನ್ನೇ ಹೂಳೆತ್ತಿದರೆ ನಾಲ್ಕಾರು ಮಳೆಗಾಲದಲ್ಲಿ ಅದೇ ಹೂಳು ಮತ್ತೆ ಬಂದು ಕೂರುತ್ತದೆ. ತಲೆ ಒರೆಸದೆ ಕಾಲು ಒರೆಸಿದಂತೆ.

ಮಣ್ಣಿನ ಜಾತಿಯನ್ನೂ ನೋಡಬೇಕು. ಕೋಲಾರ, ಚಿತ್ರದುರ್ಗದ ಕೆಂಪು ಮಸಾರಿ ಭೂಮಿ ನೀರನ್ನು ಬೇಗ ಕುಡಿಯುತ್ತದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಎರೆ ಭೂಮಿ ಹಾಗಲ್ಲ. ಒಣಗಿದಾಗ ಬಿರುಕು ಬಿಟ್ಟು ಬಾಯ್ತೆರೆದಿರುವ ಎರೆ, ತೋಯ್ದ ಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಎತ್ತರದ ಒಡ್ಡು ಹಾಕಿ ನೀರು ನಿಲ್ಲಿಸಿದರೆ ಒಡ್ಡಿನ ಪಕ್ಕದ ಪೈರು ಕೊಳೆಯುತ್ತದೆ, ಒಡ್ಡೂ ಬಿರಿಯುತ್ತದೆ. ಅದಕ್ಕೇ ಆಳವಾದ ಎರೆಯಲ್ಲಿ ಹೊಲವನ್ನೇ ಸಣ್ಣ ಸಣ್ಣ ಚೌಕುಮಡಿಗಳಾಗಿ ಮಾಡಿ, ಮುಂಗಾರಿನ ನೀರನ್ನು ಬಿದ್ದಲ್ಲೇ ಹಿಡಿದು, ಹಿಂಗಾರಿಗೆ ಬಿಳಿಜೋಳ ಬಿತ್ತುವ ಪದ್ಧತಿಯನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡಿದರು.

ಇಲ್ಲಿ ಮುಂಬಯಿಗೂ ಬಿಜಾಪುರಕ್ಕೂ ಇರುವ ಹಳೆಯ ನಂಟನ್ನು ನೆನೆಯಬೇಕು. ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದವು. 1930ರ ದಶಕದಲ್ಲಿ ಸೊಲ್ಲಾಪುರ ಮತ್ತು ಬಿಜಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಆರಂಭವಾದವು. ಒಡ್ಡು, ಆಳ ಉಳುಮೆ, ಅಂತರದ ಬಿತ್ತನೆ ಸೇರಿದ ‘ಮುಂಬಯಿ ಒಣಬೇಸಾಯ ಪದ್ಧತಿ’ ರೂಪುಗೊಂಡದ್ದು ಅಲ್ಲಿ. 1942ರಲ್ಲಿ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂದು ಸರಕಾರವೇ ಹೊಲಗಳಿಗೆ ಒಡ್ಡು ಹಾಕಿಸತೊಡಗಿತು. ನಮ್ಮಲ್ಲಿ ಆ ಭಾಗದ ಹಿರಿಯರು ಇಂದಿಗೂ ‘ಸರಕಾರಿ ಒಡ್ಡು’ ಎನ್ನುವುದುಂಟು. ಆದರೆ ಮಣ್ಣಿನ ಗುಣ ನೋಡದೆ ಎಲ್ಲ ಕಡೆಗೂ ಒಂದೇ ಅಳತೆ ಹಿಡಿದದ್ದರಿಂದ ಎರೆ ಹೊಲಗಳಲ್ಲಿ ಅನೇಕ ಒಡ್ಡುಗಳು ಒಡೆದವು. ಕೆಲವನ್ನು ರೈತರೇ ಒಡೆದು ಸಮ ಮಾಡಿದರು. ಹೊಲದವನನ್ನು ಕೇಳದೆ ಹಾಕಿದ ಒಡ್ಡು ಬಾಳುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು.

ಹಿವರೆ ಬಜಾರ್ ಗೆದ್ದದ್ದು ಎಲ್ಲಿ?

ಅಹಮದ್‌ನಗರ ಜಿಲ್ಲೆಗೆ 2024ರಿಂದ ಅಹಿಲ್ಯಾನಗರ ಎಂಬ ಹೆಸರು. ಅಲ್ಲಿನ ಹಿವರೆ ಬಜಾರ್ ಎಂಬ ಸಣ್ಣ ಹಳ್ಳಿಯ ಹೆಸರನ್ನು ಕೇಳದವರು ಕಡಿಮೆ. 1972ರ ಭೀಕರ ಬರದ ಬಳಿಕ ಈ ಊರು ಬಿಕೋ ಎನ್ನುತ್ತಿತ್ತು. ಬೋಳು ಗುಡ್ಡ, ಬತ್ತಿದ ಬಾವಿ, ಸರಾಯಿ, ಜಗಳ. ದುಡಿಯುವ ಶಕ್ತಿ ಇದ್ದವರು ಮುಂಬಯಿ, ಪುಣೆ ಸೇರಿದರು. 1989ರ ಹೊತ್ತಿಗೆ ಎಂ.ಕಾಂ. ಓದಿದ್ದ ತರುಣ ಪೋಪಟರಾವ್ ಪವಾರ್ ಸರಪಂಚರಾದರು. ಗುಡ್ಡದ ಮೇಲೆ ಶ್ರಮದಾನದಿಂದ ಮತ್ತು ಸರಕಾರದ ಯೋಜನೆಗಳಿಂದ ಕಂದಕ ತೋಡಿದರು, ಒಡ್ಡು ಹಾಕಿದರು, ಗಿಡ ಬೆಳೆಸಿದರು. ಬಾವಿಗಳಿಗೆ ನೀರು ಬಂತು. ಹಾಲು ಹೆಚ್ಚಿತು. ನಗರ ಸೇರಿದ್ದ ಹಲವು ಕುಟುಂಬಗಳು ಊರಿಗೆ ಮರಳಿದವು. 2020ರಲ್ಲಿ ಪವಾರರಿಗೆ ಪದ್ಮಶ್ರೀ ಸಂದಿತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ಕಂದಕವನ್ನು ಮಹಾರಾಷ್ಟ್ರದ ಸಾವಿರಾರು ಹಳ್ಳಿಗಳು ತೋಡಿವೆ. ಹಿವರೆ ಬಜಾರ್ ಬೇರೆಯಾದದ್ದು ಅದು ಮಾಡಿಕೊಂಡ ಕಟ್ಟುಪಾಡುಗಳಿಂದ. ಗುಡ್ಡದಲ್ಲಿ ಮರ ಕಡಿಯುವಂತಿಲ್ಲ. ದನ ಕುರಿಗಳನ್ನು ಬಿಟ್ಟು ಮೇಯಿಸುವಂತಿಲ್ಲ, ಹುಲ್ಲು ಕೊಯ್ದು ತರಬೇಕು. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ. ಕಬ್ಬು, ಬಾಳೆ ಹಾಕುವಂತಿಲ್ಲ. ಮಳೆಗಾಲ ಮುಗಿದ ಮೇಲೆ ಗ್ರಾಮಸಭೆ ಸೇರಿ ಆ ವರ್ಷ ಎಷ್ಟು ಮಳೆ ಬಂತು, ಬಾವಿಗಳಲ್ಲಿ ಎಷ್ಟು ನೀರಿದೆ ಎಂದು ಅಳೆದು, ಮೊದಲು ಕುಡಿಯಲು, ಬಳಿಕ ದನಕರುಗಳಿಗೆ, ಆ ಮೇಲೆ ಬೆಳೆಗೆ ಎಂದು ಹಂಚಿಕೆ ಮಾಡುತ್ತದೆ. ಮಳೆ ಕಡಿಮೆಯಾದ ವರ್ಷ ಹಿಂಗಾರಿ ಬಿತ್ತನೆಯನ್ನೇ ಕಡಿತ ಮಾಡುತ್ತಾರೆ. ಇದಕ್ಕೆ ಅವರು ನೀರಿನ ಬಜೆಟ್ ಎನ್ನುತ್ತಾರೆ.

ನಮ್ಮ ಹೋಟೆಲ್ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಲ್ಲಾದಲ್ಲಿ ಎಷ್ಟು ಬಂತು ಎಂದು ನೋಡದೆ ಖರ್ಚು ಮಾಡುವ ಹೋಟೆಲು ಎಷ್ಟು ದಿನ ನಡೆದೀತು? ಕಂದಕ, ಒಡ್ಡು ಎಂದರೆ ಗಲ್ಲಾಕ್ಕೆ ಹಣ ಬರುವ ದಾರಿ. ಹೋಗುವ ದಾರಿಗೆ ಬೀಗವಿಲ್ಲದಿದ್ದರೆ ಎಷ್ಟು ಬಂದರೂ ತಿಂಗಳ ಕೊನೆಗೆ ಸಾಲವೇ.

ರಾಜಸ್ಥಾನದ ಆಳ್ವಾರ್ ಜಿಲ್ಲೆಯಲ್ಲೂ ಆದದ್ದು ಇದೇ. 1985ರಿಂದ ರಾಜೇಂದ್ರ ಸಿಂಗ್ ಮತ್ತು ತರುಣ ಭಾರತ ಸಂಘದ ನೆರವಿನಿಂದ ಹಳ್ಳಿಗರು ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಮರಳಿ ಕಟ್ಟಿದರು, ಬತ್ತಿದ್ದ ಅರವರಿ ನದಿ ಮತ್ತೆ ಹರಿಯಿತು. ಹರಿದ ನದಿಯನ್ನು ಉಳಿಸಿಕೊಳ್ಳಲು ದಡದ ಹಳ್ಳಿಗಳು ಸೇರಿ ತಮ್ಮದೇ ನೀರಿನ ಸಂಸತ್ತು ಮಾಡಿಕೊಂಡವು. ಕಟ್ಟೆ ಕಟ್ಟುವುದಕ್ಕಿಂತ ನೀರು ಯಾರು ಎಷ್ಟು ಎತ್ತಬೇಕು ಎಂದು ಒಪ್ಪಿಸುವುದೇ ಕಷ್ಟದ ಕೆಲಸ ಎಂದು ಅಲ್ಲಿಯವರಿಗೂ ಗೊತ್ತಾಗಿತ್ತು.

ಜೆಸಿಬಿ ಓಡಿತು, ನೀರು ನಿಲ್ಲಲಿಲ್ಲ

ಇನ್ನು ಸೋಲಿನ ಪಾಠ. 2014ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ‘ಜಲಯುಕ್ತ ಶಿವಾರ’ ಯೋಜನೆಯನ್ನು ಘೋಷಿಸಿತು. 2019ರೊಳಗೆ ರಾಜ್ಯವನ್ನು ಬರಮುಕ್ತ ಮಾಡುವ ಗುರಿ. 22 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕೆಲಸ ನಡೆಯಿತು. ಗುಡ್ಡದಿಂದ ಹಳ್ಳಕ್ಕೆ ಎಂಬ ಕ್ರಮ ಕಾಗದದಲ್ಲಿತ್ತು. ನೆಲದ ಮೇಲೆ ಎದ್ದು ಕಂಡದ್ದು ಯಂತ್ರಗಳಿಂದ ಹಳ್ಳವನ್ನು ಅಗಲ, ಆಳ ಮಾಡುವ ಕೆಲಸ. ಬೇಗ ಮುಗಿಯುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಬಿಲ್ಲೂ ದೊಡ್ಡದಾಗುತ್ತದೆ. ಗುಡ್ಡದ ಮೇಲೆ ಸಣ್ಣ ಕಂದಕ ತೋಡಲು ಗುತ್ತಿಗೆದಾರರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಇದು ಅವೈಜ್ಞಾನಿಕ ಎಂದು ಅರ್ಥಶಾಸ್ತ್ರಜ್ಞ ಎಚ್.ಎಂ. ದೇಸರಡಾ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದರು.

2018ರ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟಾಗ ಅದೇ ಸರಕಾರ 151 ತಾಲೂಕುಗಳಲ್ಲಿ ಬರ ಘೋಷಿಸಬೇಕಾಯಿತು. 2020ರಲ್ಲಿ ಮಹಾಲೇಖಪಾಲರ ವರದಿ ಹೊರಬಂತು. 9,633.75 ಕೋಟಿ ರೂಪಾಯಿ ಖರ್ಚಾದರೂ ನೀರಿನ ಸ್ವಾವಲಂಬನೆಯಲ್ಲಿ, ಅಂತರ್ಜಲ ಏರಿಕೆಯಲ್ಲಿ ಯೋಜನೆಯ ಪರಿಣಾಮ ಅಲ್ಪ ಎಂದು ಅದು ಹೇಳಿತು. ಅಷ್ಟರಲ್ಲಿ ಸರಕಾರ ಬದಲಾಗಿತ್ತು, ಯೋಜನೆ ನಿಂತಿತು, ತನಿಖೆಗೆ ಆದೇಶವಾಯಿತು. 2022ರಲ್ಲಿ ಮತ್ತೆ ಸರಕಾರ ಬದಲಾಯಿತು, ಯೋಜನೆಯ ಎರಡನೇ ಆವೃತ್ತಿ ಬಂತು. ಹೊಗಳುವವರು, ತೆಗಳುವವರು ಪಕ್ಷದ ಪ್ರಕಾರ ಹಂಚಿಹೋದರು.

ಪಕ್ಷವನ್ನು ಬದಿಗಿಟ್ಟು ನೋಡಿದರೆ ಕಾಣುವುದು ಸರಳ ಸಂಗತಿ. ಹಳ್ಳ ಆಳವಾಗಿ, ಒಂದೆರಡು ವರ್ಷ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಏರಿದ ಊರುಗಳು ಅನೇಕ ಇದ್ದವು. ನೀರು ಕಂಡೊಡನೆ ಪಂಪು ಹೆಚ್ಚಾಯಿತು, ಕೊಳವೆಬಾವಿ ಹೆಚ್ಚಾಯಿತು, ಜೋಳ ಹೋಗಿ ಕಬ್ಬು ಬಂತು. ಮಳೆ ತಪ್ಪಿದ ಮೊದಲ ವರ್ಷವೇ ಊರು ಹಿಂದಿನ ಸ್ಥಿತಿಗೆ, ಕೆಲವೆಡೆ ಅದಕ್ಕಿಂತಲೂ ಕೆಳಗೆ ಇಳಿಯಿತು. ಯಾಕೆಂದರೆ ಹಿಂದೆ ಮಳೆ ನಂಬಿ ಜೋಳ ಬಿತ್ತುತ್ತಿದ್ದವನ ತಲೆಯ ಮೇಲೆ ಈಗ ಬೋರಿನ ಸಾಲವೂ ಇತ್ತು.

ಇದೇ ಹೊತ್ತಿನಲ್ಲಿ ನಡೆದ ಇನ್ನೊಂದು ಪ್ರಯತ್ನ ಆಮಿರ್ ಖಾನ್, ಕಿರಣ್ ರಾವ್ ಅವರ ಪಾನಿ ಫೌಂಡೇಶನ್‌ನ ‘ವಾಟರ್ ಕಪ್’. 2016ರಲ್ಲಿ ಮೂರು ತಾಲೂಕುಗಳಲ್ಲಿ ಆರಂಭವಾದ ಸ್ಪರ್ಧೆ 2018ರ ಹೊತ್ತಿಗೆ 75 ತಾಲೂಕುಗಳಿಗೆ ಹಬ್ಬಿತು. 2018ರ ಮೇ 1ರಂದು ಮುಂಬಯಿ, ಪುಣೆಯಿಂದ ಸಾವಿರಾರು ಮಂದಿ ಹಳ್ಳಿಗಳಿಗೆ ಹೋಗಿ ಗುದ್ದಲಿ ಹಿಡಿದರು. ಜಾತಿ, ಪಕ್ಷ ಮರೆತು ಊರು ಒಂದಾದದ್ದು ಅದರ ದೊಡ್ಡ ಸಾಧನೆ. ಆದರೆ 2019ರ ಬಳಿಕ ಆ ಸ್ಪರ್ಧೆ ನಡೆಯಲಿಲ್ಲ. ಮುಂದೆ ಅದೇ ಸಂಸ್ಥೆ ರೈತ ಗುಂಪುಗಳ ‘ಫಾರ್ಮರ್ ಕಪ್’ ಕಡೆಗೆ ಹೊರಳಿತು. ಗುಂಡಿ ತೋಡುವ ಸ್ಪರ್ಧೆಯಿಂದ ಬೇಸಾಯದ ಸ್ಪರ್ಧೆಗೆ ಬಂದದ್ದರಲ್ಲೂ ಒಂದು ಅರ್ಥವಿದೆ. ನೀರಿನ ಹಣೆಬರಹ ಕೊನೆಗೆ ತೀರ್ಮಾನವಾಗುವುದು ಹೊಲದಲ್ಲಿ ಏನು ಬಿತ್ತುತ್ತೇವೆ ಎಂಬುದರ ಮೇಲೆ.

ಕರ್ನಾಟಕದ ಕಥೆ ಬೇರೆಯೇ?

ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನ ‘ಸುಜಲ’ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ರೈತ ಗುಂಪುಗಳನ್ನು ಮೊದಲೇ ಸೇರಿಸಿಕೊಂಡು, ಉಪಗ್ರಹ ಚಿತ್ರಗಳಿಂದ ಫಲಿತಾಂಶ ಅಳೆದ ಆ ಯೋಜನೆಗೆ ಒಳ್ಳೆಯ ಹೆಸರು ಬಂತು. ಆದರೂ ಇಂದು ಕೋಲಾರ ಜಿಲ್ಲೆ ಅಂತರ್ಜಲ ಮರುಪೂರಣಕ್ಕಿಂತ ಹೆಚ್ಚು ಎತ್ತುವ ಜಿಲ್ಲೆಗಳ ಪಟ್ಟಿಯಲ್ಲೇ ಇದೆ. ಬದು ಹಾಕಿ ಇಳಿಸಿದ್ದಕ್ಕಿಂತ ಕೊಳವೆಬಾವಿ ಮೇಲೆತ್ತಿದ್ದು ಹೆಚ್ಚು.

2014ರ ‘ಕೃಷಿ ಭಾಗ್ಯ’ ಯೋಜನೆ ಹೊಲ ಹೊಲಕ್ಕೆ ಕೃಷಿ ಹೊಂಡ ತಂದಿತು. ಓಡುವ ಮಳೆನೀರು ಹೊಂಡಕ್ಕೆ ಬಿದ್ದು, ಮಳೆ ಕೈಕೊಟ್ಟ ಹದಿನೈದು ದಿನ ಪೈರಿಗೆ ಒಂದೆರಡು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಒಣಬೇಸಾಯದವನಿಗೆ ಅದೇ ಬದುಕು. ಆದರೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಬೋರಿನ ನೀರನ್ನು ಎತ್ತಿ ತುಂಬಿಸಿಟ್ಟುಕೊಂಡರೆ ಅರ್ಥವೇ ತಿರುಗುಮುರುಗು. ನೆಲದೊಳಗೆ ತಣ್ಣಗಿದ್ದ, ಎಲ್ಲರದ್ದೂ ಆಗಿದ್ದ ನೀರು ಒಬ್ಬನ ಹೊಂಡದಲ್ಲಿ ಬಿಸಿಲಿಗೆ ಆವಿಯಾಗುತ್ತದೆ. ಮಹಾರಾಷ್ಟ್ರದ ದ್ರಾಕ್ಷಿ, ದಾಳಿಂಬೆ ತೋಟಗಳ ‘ಶೇತತಳೆ’ಗಳ ಬಗ್ಗೆ ಕೇಳಿಬಂದ ದೂರೂ ಇದೇ. ಹೊಂಡ ಒಂದೇ, ಮಳೆನೀರು ಹಿಡಿದರೆ ಪುಣ್ಯ, ಬೋರಿನ ನೀರು ಹಿಡಿದರೆ ನೆರೆಯವನ ಬಾವಿಗೆ ಕನ್ನ.

ಮಣ್ಣಿನ ಕೆಲಸಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಯೂ ಈಗ ಬದಲಾಗುತ್ತಿದೆ. 1972ರ ಬರದಲ್ಲಿ ಮಹಾರಾಷ್ಟ್ರ ಆರಂಭಿಸಿದ ಉದ್ಯೋಗ ಖಾತರಿಯೇ ಮುಂದೆ 2005ರ ರಾಷ್ಟ್ರೀಯ ಕಾಯ್ದೆಗೆ ಮಾದರಿಯಾಯಿತು. ಎರಡು ದಶಕ ಬದು, ಹೊಂಡ, ಕೆರೆ ಹೂಳಿನ ಕೆಲಸಕ್ಕೆ ಕೂಲಿ ಬಂದದ್ದು ಅದರಿಂದ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು, ಜೊತೆಗೆ ಹೆಚ್ಚಿನ ರಾಜ್ಯಗಳಿಗೆ ವೆಚ್ಚದ ಶೇ. 40 ಪಾಲು ಬಿತ್ತು. ರಾಜ್ಯಗಳ ಕೈ ಬಿಗಿಯಾದರೆ ಯಾವ ಊರಿಗೆ ಕೆಲಸ ಎಂಬ ಪೈಪೋಟಿ ಹೆಚ್ಚುತ್ತದೆ. ಹೊರಗಿನ ದಾನಿಗಳ ಮುಂದೆ ಬರುವ ಮನವಿಗಳೂ ಹೆಚ್ಚಬಹುದು. ಆದ್ದರಿಂದ ಆರಿಸಿ ಕೊಡುವ ಜಾಣ್ಮೆ ನಮಗೆ ಬೇಕು.

ಇಂಗಿದ ನೀರು ಯಾರದ್ದು?

ಎಲ್ಲರೂ ಸೇರಿ ಗುಡ್ಡಕ್ಕೆ ಕಂದಕ ತೋಡುತ್ತಾರೆ. ನೀರು ಏರುವುದು ತಗ್ಗಿನಲ್ಲಿ ಜಮೀನಿರುವವನ ಬಾವಿಗೆ. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಮೇವು ಬಂದ್, ಕಟ್ಟಿಗೆ ತರುತ್ತಿದ್ದ ಹೆಂಗಸರಿಗೆ ದೂರದ ನಡಿಗೆ, ಭೂಮಿ ಇಲ್ಲದವನಿಗೆ ನಾಲ್ಕು ದಿನದ ಕೂಲಿ ಮಾತ್ರ. ಹೀಗಾದರೆ ಅವನೇಕೆ ಕಂದಕ ಕಾಯಬೇಕು? ಎರಡನೇ ವರ್ಷ ಕುರಿ ಒಡ್ಡಿನ ಮೇಲೆ ಹತ್ತುತ್ತದೆ. ತಪ್ಪು ಕುರಿಯವನದ್ದಲ್ಲ.

ಇದಕ್ಕೆ ಉತ್ತರ ಹುಡುಕಿದವರು ಪುಣೆಯ ವಿಲಾಸರಾವ್ ಸಾಳುಂಖೆ. ಎಂಜಿನಿಯರ್, ಉದ್ಯಮಿ. 1972ರ ಬರ ಕಂಡು ಮನಕರಗಿ ಪುರಂದರ ತಾಲೂಕಿನ ನಾಯಗಾಂವ್‌ನಲ್ಲಿ ದೇವಸ್ಥಾನದ 40 ಎಕರೆ ಬೋಳು ಇಳಿಜಾರನ್ನು ಗೇಣಿಗೆ ಪಡೆದು ಒಡ್ಡು, ಇಂಗುಕೆರೆ, ಅದರ ಕೆಳಗೆ ಬಾವಿ ಮಾಡಿ ತೋರಿಸಿದರು. ಬಳಿಕ ‘ಪಾಣಿ ಪಂಚಾಯತ್’ ಕಟ್ಟಿದರು. ಅದರ ನಿಯಮ ಇಂದಿಗೂ ಯೋಚನೆಗೆ ಹಚ್ಚುವಂಥದ್ದು. ನೀರಿನ ಪಾಲು ಜಮೀನಿನ ಮೇಲಲ್ಲ, ಮನೆಮಂದಿಯ ಮೇಲೆ. ತಲೆಗೆ ಅರ್ಧ ಎಕರೆಗೆ ಬೇಕಾದಷ್ಟು, ಕುಟುಂಬಕ್ಕೆ ಎರಡೂವರೆ ಎಕರೆಯ ಮಿತಿ. ಭೂಮಿ ಇಲ್ಲದವರಿಗೂ ಪಾಲು. ಕಬ್ಬಿಗೆ ನೀರಿಲ್ಲ. ಫಲಾನುಭವಿಗಳು ಖರ್ಚಿನ ಒಂದು ಪಾಲನ್ನು ತಾವೇ ಭರಿಸಬೇಕು. ನಗರದಲ್ಲಿ ದುಡಿದ ಹಣವನ್ನು ಒಣನೆಲಕ್ಕೆ ತಂದವರಲ್ಲಿ ಸಾಳುಂಖೆ ಹಿರಿಯರು. ಅವರು ಹಣಕ್ಕಿಂತ ಮೊದಲು ನಿಯಮ ತಂದರು ಎಂಬುದನ್ನು ನಾವು ಗಮನಿಸಬೇಕು.

ಸಂಘಗಳು ಕೇಳಬೇಕಾದ ಐದು ಪ್ರಶ್ನೆ

ಹಾಗಾದರೆ ಊರಿನಿಂದ ನೀರಿನ ಮನವಿ ಬಂದಾಗ ನಮ್ಮ ಸಮಿತಿಗಳು ಏನು ಮಾಡಬೇಕು? ಅನುಮಾನಪಟ್ಟು ಬಾಗಿಲು ಹಾಕುವುದು ಬೇಡ. ಕೊಡುವ ಮುನ್ನ ಐದು ಪ್ರಶ್ನೆ ಕೇಳಿದರೆ ಸಾಕು.

ಒಂದನೆಯದು, ಕೆಲಸ ಮೇಲಿನಿಂದ ಶುರುವಾಗಿದೆಯೇ? ಕೆರೆ ಹೂಳೆತ್ತಲು ಹಣ ಕೇಳಿದವರನ್ನು ಆ ಕೆರೆಗೆ ನೀರು ತರುವ ಗುಡ್ಡ, ಗೋಮಾಳ, ಕಾಲುವೆಗಳ ಸ್ಥಿತಿ ಏನೆಂದು ಕೇಳಬೇಕು. ಕಾಲುವೆ ಒತ್ತುವರಿಯಾಗಿದ್ದರೆ ಕೆರೆ ಎಷ್ಟು ಆಳವಾದರೂ ಖಾಲಿ ಬಟ್ಟಲೇ.

ಎರಡನೆಯದು, ಮಣ್ಣು ಯಾವುದು, ಕೋಡಿ ಎಲ್ಲಿ? ಇದನ್ನು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರಿಂದ, ಜಲಾನಯನ ಇಲಾಖೆಯವರಿಂದ ಬರೆಸಿಕೊಂಡು ತನ್ನಿ ಎನ್ನಬೇಕು. ಕರಾವಳಿ, ಮಲೆನಾಡಿನವರು ಇಲ್ಲಿ ಎಚ್ಚರ ವಹಿಸಬೇಕು. ಮೂರು ಸಾವಿರ ಮಿ.ಮೀ. ದಾಟುವ ಮಳೆಯ ಊರಿನ ಕಡಿದಾದ ಗುಡ್ಡದಲ್ಲಿ, ಮನೆಗಳ ಮೇಲ್ಬದಿಗೆ ಒಣನಾಡಿನ ಕಂದಕ ತೋಡಿದರೆ ಗುಡ್ಡವೇ ಜಾರುವ ಭಯವಿದೆ. ಅಲ್ಲಿಗೆ ಹಿರಿಯರು ಮಾಡಿಟ್ಟ ಮದಕ, ತೋಡಿಗೆ ಹಾಕುವ ಕಟ್ಟ ಇವುಗಳ ದುರಸ್ತಿಯೇ ಮೇಲು.

ಮೂರನೆಯದು, ನೀರು ಬಂದ ಮೇಲೆ ಏನು? ಗ್ರಾಮಸಭೆ ಠರಾವು ಮಾಡಿದೆಯೇ? ಹೊಸ ಕೊಳವೆಬಾವಿ, ಹೆಚ್ಚು ನೀರು ಕುಡಿಯುವ ಬೆಳೆ, ಗುಡ್ಡದ ಮೇವು ಇವುಗಳ ಬಗ್ಗೆ ಊರು ಏನು ಒಪ್ಪಿಕೊಂಡಿದೆ? ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಅನುಮತಿ ಬೇಕು. 2020ರಿಂದ ಜಾರಿಗೆ ಬಂದ ಅಟಲ್ ಭೂಜಲ ಯೋಜನೆಯು ಎರಡೂ ರಾಜ್ಯಗಳ ಆಯ್ದ ಪಂಚಾಯಿತಿಗಳಲ್ಲಿ ನೀರಿನ ಬಜೆಟ್ ಮಾಡಿಸಿತು. ನಿಮ್ಮ ಪಂಚಾಯಿತಿ ಅದರಲ್ಲಿತ್ತೇ, ಆ ಪುಸ್ತಕ ಎಲ್ಲಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಾಲ್ಕನೆಯದು, ದುರಸ್ತಿಗೆ ಯಾರು? ಮಣ್ಣಿನ ಕೆಲಸಕ್ಕೆ ಪ್ರತಿ ಮಳೆಗಾಲದ ಮುಂಚೆ ಕೈ ಹಾಕಲೇಬೇಕು. ಕೊಡುವ ಹಣವನ್ನು ಒಮ್ಮೆಲೇ ಕೊಡದೆ, ಒಂದು ಪಾಲನ್ನು ಮುಂದಿನ ಮೂರು ವರ್ಷಗಳ ದುರಸ್ತಿಗೆಂದು ತೆಗೆದಿಡುವುದು ಒಳಿತು. ಊರಿನವರು ಶ್ರಮದಾನದ ರೂಪದಲ್ಲಾದರೂ ತಮ್ಮ ಪಾಲು ಹಾಕಲಿ.

ಐದನೆಯದು, ಅಳತೆ. ಒಂದು ಮಳೆಮಾಪಕ, ಊರಿನ ನಾಲ್ಕಾರು ತೆರೆದ ಬಾವಿಗಳ ಗೋಡೆಗೆ ಬಣ್ಣದ ಗುರುತು, ಶಾಲೆಯಲ್ಲೊಂದು ದಪ್ಪ ನೋಟ್‌ಬುಕ್, ಇಷ್ಟೇ ಖರ್ಚು. ಪ್ರತಿ ತಿಂಗಳು ಮಕ್ಕಳು ಬರೆದಿಡಲಿ. ಕೆಲಸಕ್ಕೆ ಮುಂಚಿನ ಏಪ್ರಿಲಿನಲ್ಲಿ ಬಾವಿಯ ನೀರು ಎಷ್ಟು ಆಳದಲ್ಲಿತ್ತು, ನಂತರದ ಏಪ್ರಿಲಿನಲ್ಲಿ ಎಷ್ಟು ಎಂಬ ಎರಡು ಅಂಕಿ ಸಂಘದ ವಾರ್ಷಿಕ ವರದಿಯಲ್ಲಿ ಬಂದರೆ, ಹಾರ ತುರಾಯಿಯ ಚಿತ್ರಕ್ಕಿಂತ ಅದು ದೊಡ್ಡ ಸುದ್ದಿ. ಮಳೆ ಹೆಚ್ಚಾಗಿ ನೀರು ಏರಿತೇ, ಕೆಲಸದಿಂದ ಏರಿತೇ ಎಂದು ತಿಳಿಯಲು ಮಳೆಯ ಅಂಕಿಯೂ ಜೊತೆಗಿರಬೇಕು.

ಮುಂದಿನ ಮಹಾಸಭೆಯಲ್ಲಿ ಈ ಮಾತು ಬರಲಿ

ಇಂಥ ಪ್ರಶ್ನೆ ಕೇಳಿದರೆ ಊರಿನವರು ಬೇಸರಿಸಿಯಾರು ಎಂಬ ಅಳುಕು ನಮ್ಮಲ್ಲಿದೆ. ‘ಪೇಟೆಗೆ ಹೋದವರಿಗೆ ಏನು ಗೊತ್ತು’ ಎಂಬ ಮಾತೂ ಬರಬಹುದು. ಅದರಲ್ಲಿ ಸತ್ಯವೂ ಉಂಟು. ಯಾವ ಬದು ಎಲ್ಲಿ ಎಂದು ಹೇಳುವ ಹಕ್ಕು ಹೊಲದಲ್ಲಿ ದುಡಿಯುವವರದ್ದು. ನಮ್ಮದಲ್ಲ. ಆದರೆ ಕೊಡುವ ಹಣಕ್ಕೆ ಲೆಕ್ಕ ಕೇಳುವ ಹಕ್ಕು ನಮಗಿದೆ, ಕೇಳದಿರುವುದು ಊರಿಗೆ ಮಾಡುವ ಉಪಕಾರವೂ ಅಲ್ಲ. ಕೊಳವೆಬಾವಿ ಕೊರೆಸಿಕೊಡುವುದು ಸುಲಭ, ಒಂದೇ ದಿನದ ಕೆಲಸ. ಅದು ಬತ್ತಿದ ದಿನ ದಾನಿಯ ಹೆಸರಿನ ಫಲಕ ಮಾತ್ರ ಉಳಿಯುತ್ತದೆ.

ಜತ್ತದ ಹಳ್ಳಿಯವನು ಯಾವ ರಾಜ್ಯಕ್ಕೆ ಸೇರಿದರೂ ಅವನ ಹೊಲದ ಮೇಲೆ ಬೀಳುವ ಮಳೆ ಒಂದೇ. ಮ್ಹೈಸಾಳದ ಕಾಲುವೆ ಬಂದರೂ, ಕೃಷ್ಣೆಯ ನೀರು ವಿಜಯಪುರದ ಕೆರೆಗಳಿಗೆ ತುಂಬಿದರೂ, ಎಲ್ಲ ಹೊಲಕ್ಕೂ ಅದು ತಲುಪುವುದಿಲ್ಲ. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ಕೆಲಸ ಆಗಲೇಬೇಕು, ಹಿಡಿದದ್ದನ್ನು ಹಂಚಿ ಉಣ್ಣುವ ನಿಯಮವೂ ಬೇಕು. ಮೊದಲನೆಯದಕ್ಕೆ ಗುದ್ದಲಿ ಸಾಕು. ಎರಡನೆಯದಕ್ಕೆ ಊರು ಒಂದಾಗಬೇಕು. ದೂರದಲ್ಲಿದ್ದು, ಊರಿನ ಎಲ್ಲ ಬಣಗಳಿಗೂ ಬೇಕಾದವರಾಗಿರುವ ನಾವು ಆ ಒಂದಾಗುವಿಕೆಗೆ ನೆರವಾದರೆ, ಕೊಟ್ಟ ಹಣಕ್ಕಿಂತ ಅದು ಹೆಚ್ಚಿನ ಕೊಡುಗೆ. ಮುಂಗಾರಿಗೆ ಮುನ್ನ ನಡೆಯುವ ಮಹಾಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ.